ಹಾಜರಿ ಕೌಂಟರಿನ ಆಂಟಿ

ಈ ಬೇಸಿಗೆಯಲ್ಲಿ ಆಂಟಿ ನಿವೃತ್ತರಾಗಿ ಕೇಟಿ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೊರಟುಹೋದರು. ಸುದ್ದಿ ನಮ್ಮ ಕನ್ನಡ ಗುಂಪಿನ ವಾಟ್ಸ್ಯಾಪಿನಲ್ಲಿ ಕಾಣಿಸಿಕೊಂಡಾಗ ಮೊದಲು ಬಂದದ್ದು ಕೈಮುಗಿದ ಚಿಹ್ನೆಗಳು. ಅರ್ಧ ಗಂಟೆ ಕಳೆದ ಮೇಲೆ ಯಾರೋ ಒಬ್ಬರು, "ಹಾಗಾದ್ರೆ ಈ ಸಲ ಇಂಡಿಯಾ ಟಿಕೆಟ್ ಧೈರ್ಯವಾಗಿ ಬುಕ್ ಮಾಡಬಹುದು" ಎಂದು ಬರೆದರು. ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ನಾನೂ ಒಂದು ಹಾಕಿದೆ. ಹಾಕಿದ ಮೇಲೆ ಯಾಕೋ ಫೋನನ್ನು ಮಗುಚಿಟ್ಟೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೇನೂ ನಷ್ಟವಿಲ್ಲ, ಇಲ್ಲಿನ ಅರ್ಧ ಕನ್ನಡಿಗರಿಗೆ ಇದೆ. ಟೆಕ್ಸಸ್ಸಿನ ಲಿಯಾಂಡರ್ ಊರಿನ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ, ಮುಂಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಗಾಜಿನ ಕಿಟಕಿಯೊಂದಿತ್ತು. ಅದರ ಹಿಂದೆ ಅವರು ಕೂರುತ್ತಿದ್ದರು. ಮಕ್ಕಳು ಶಾಲೆಗೆ ಬರದ ದಿನ ಅಪ್ಪನೋ ಅಮ್ಮನೋ ಫೋನ್ ಮಾಡಿ ಕಾರಣ ಹೇಳಬೇಕು. ಆ ಕಾರಣಗಳನ್ನು ಕೇಳಿ ಬರೆದುಕೊಳ್ಳುವುದು ಅವರ ಉದ್ಯೋಗ. ಧಾರವಾಡದ ಕಡೆಯವರು. ಅಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದರು ಎಂದು ಕೆಲವರು, ಪೋಸ್ಟಾಫೀಸಿನಲ್ಲಿದ್ದರು ಎಂದು ಕೆಲವರು ಹೇಳುತ್ತಿದ್ದರು. ನಾನು ಕೇಳಿಲ್ಲ. ಪ್ರಶ್ನೆ ಕೇಳುವ ಸರದಿ ಯಾವಾಗಲೂ ಅವರದೇ ಆಗಿರುತ್ತಿತ್ತು.

ನನಗೆ ಡೈರಿ ಬರೆಯುವ ಅಭ್ಯಾಸವಿದೆ. ಹಾಗಾಗಿ ಅವರ ಬಗ್ಗೆ ಬರೆಯುವುದು ಸುಲಭ ಎಂದುಕೊಂಡು ಹಳೆಯ ಪುಸ್ತಕಗಳನ್ನು ತೆಗೆದೆ. ನನ್ನ ಡೈರಿಗೂ ನನ್ನ ನೆನಪಿಗೂ ಓರಗಿತ್ತಿಯರ ಸಂಬಂಧ, ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಒಪ್ಪುವುದಿಲ್ಲ. ಎಲ್ಲಿ ಜಗಳ ಬಿತ್ತೋ ಅಲ್ಲಿ ಹೇಳುತ್ತೇನೆ.

ಶಾಲೆಯ ಎದುರಿನ ರಸ್ತೆಗೆ ಮುಖಮಾಡಿ ಒಂದು ದೀಪದ ಫಲಕವಿದೆ. ಬೆಳಿಗ್ಗೆ ಮಕ್ಕಳನ್ನು ಇಳಿಸಲು ಕಾರುಗಳ ಸಾಲಿನಲ್ಲಿ ಕಾಯುವಾಗ ಅದನ್ನು ಓದದೆ ಬೇರೆ ದಾರಿಯಿಲ್ಲ. ಬ್ಯಾಂಡಿನವರು ರಾಜ್ಯಮಟ್ಟಕ್ಕೆ ಹೋದದ್ದು, ರೊಬಾಟಿಕ್ಸ್ ತಂಡ ಗೆದ್ದದ್ದು, ಚರ್ಚಾಪಟುಗಳ ಹೆಸರು, ಈಜುಗಾರರ ಹೆಸರು ಒಂದರ ಹಿಂದೊಂದು ಉರಿಯುತ್ತ ಹೋಗುತ್ತವೆ. ನಮ್ಮ ಬಡಾವಣೆಯಲ್ಲಿ ಮನೆ ಕೊಂಡವರೆಲ್ಲ ಆ ಫಲಕವನ್ನು ನೋಡಿಯೇ ಕೊಂಡವರು. ಒಳಗೆ, ಆಂಟಿಯ ಕಿಟಕಿಗೆ ಸರಿಯಾಗಿ ಎದುರು, ಗೋಡೆಯುದ್ದದ ಗಾಜಿನ ಕಪಾಟಿನಲ್ಲಿ ಆ ಗೆಲುವುಗಳೆಲ್ಲ ಲೋಹವಾಗಿ ನಿಂತಿವೆ.

ಹೊಸ ತಂದೆತಾಯಿಯರು ಬಂದರೆ ಆಂಟಿ ಎದ್ದುಬಂದು ಕಪಾಟು ತೋರಿಸುತ್ತಿದ್ದರು. ಅವರು ಟ್ರೋಫಿಗಳನ್ನು ಗುರುತಿಸುತ್ತಿದ್ದ ಕ್ರಮವೇ ಬೇರೆ. ನಾವು ಹೋದ ದಿನ ದೊಡ್ಡದೊಂದು ಬ್ಯಾಂಡ್ ಟ್ರೋಫಿಯ ಮುಂದೆ ನಿಂತು, "ಇದು ಬಂದ ವರ್ಷ ಟೂಬಾ ಊದಾಕಿ ಮೊದಲನೇ ಪಿರಿಯಡ್ಡಿಗೆ ಒಂದು ದಿನಾನೂ ಟೈಮಿಗೆ ಬರಲಿಲ್ಲರಿ" ಎಂದರು. ಗಣಿತದ ಟ್ರೋಫಿಯತ್ತ ಬೆರಳು ಮಾಡಿ, ಆ ತಂಡದ ನಾಲ್ವರಿಗೂ ಒಂದೇ ಶುಕ್ರವಾರ ಒಂದೇ ಥರದ ವಾಂತಿಯಾಗಿತ್ತು ಎಂದು ತಿಳಿಸಿದರು. ನನ್ನ ಗಂಡ ನಕ್ಕರು. ನಾನು ಮಾತ್ರ ಈ ಹೆಂಗಸಿನ ಬಳಿ ಹುಷಾರಾಗಿರಬೇಕು ಎಂದುಕೊಂಡೆ. ಇದು ಡೈರಿಯಲ್ಲೂ ಇದೆ: 'ಹಾಜರಿಯವರು ಕನ್ನಡದವರು. ಹುಷಾರು.'

ಶುಕ್ರವಾರ ಶಾಲೆಯ ಸಿಬ್ಬಂದಿಯೆಲ್ಲ ಶಾಲೆಯ ಬಣ್ಣದ ಟೀ ಶರ್ಟ್ ಹಾಕುತ್ತಾರೆ. ಆಂಟಿ ಹಲ್ಲು ಕಿರಿದ ತೋಳದ ಚಿತ್ರವಿದ್ದ ಶರ್ಟನ್ನು ಸೀರೆಯ ಮೇಲೆ ಹಾಕಿಕೊಂಡು, ಸೆರಗನ್ನು ತೋಳದ ಕಿವಿಯ ಪಕ್ಕದಿಂದ ಹೊರಗೆಳೆದುಕೊಳ್ಳುತ್ತಿದ್ದರು. ಕೈಯಲ್ಲಿ ತಾರೀಖಿನ ಮೊಹರು. ಮೊಹರೊತ್ತುವ ಮೊದಲು ಅದಕ್ಕೆ ಬಾಯಿಂದ ಹಾ ಎಂದು ಊದುತ್ತಿದ್ದರು, ಕನ್ನಡಕ ಒರೆಸುವವರು ಊದುವ ಹಾಗೆ. ಫೋನಿನಲ್ಲಿ ಕಾರಣ ಕೇಳುವಾಗ ಕಣ್ಣು ಮುಚ್ಚುತ್ತಿದ್ದರು. ಜನವರಿಯಲ್ಲಿ ಇಲ್ಲಿ ಸೀಡರ್ ಮರಗಳ ಪರಾಗ ಎದ್ದು ಊರಿಗೆ ಊರೇ ಸೀನುತ್ತದಲ್ಲ, ಆ ಸೀನಿನಲ್ಲಿ ನಿಜದ್ದು ಯಾವುದು, ಮಾಡಿಕೊಂಡದ್ದು ಯಾವುದು ಎಂದು ಅವರಿಗೆ ಗೊತ್ತಾಗುತ್ತಿತ್ತಂತೆ. ಮೇಜಿನ ಗಾಜಿನಡಿ ಎಲ್ಲ ಟೆಸ್ಟುಗಳ ವೇಳಾಪಟ್ಟಿ ಇಟ್ಟುಕೊಂಡಿದ್ದರು. ಹೊಟ್ಟೆನೋವು ಎಂದು ಫೋನ್ ಮಾಡಿದ ತಾಯಿಯೊಬ್ಬರಿಗೆ ಕೇಳಿದರಂತೆ: "ಎರಡನೇ ಪಿರಿಯಡ್ ಮುಗದ ಮ್ಯಾಲೆ ಕಮ್ಮಿ ಆಗ್ತದಲ್ರಿ? ಎರಡನೇದರಾಗ ಫಿಸಿಕ್ಸ್ ಟೆಸ್ಟ್ ಅದ, ಅದಕ್ಕ ಕೇಳಿದೆ."

ಈ ಹೊಟ್ಟೆನೋವಿನ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಳೆದ ವರ್ಷ ಡಲ್ಲಾಸಿನ ಗೆಳತಿಯ ಮನೆಗೆ ಹೋದಾಗ ಅವಳು ಇದೇ ಕಥೆಯನ್ನು, ಇದೇ ಎರಡನೇ ಪಿರಿಯಡ್ಡಿನ ಸಮೇತ, ತಮ್ಮೂರಿನ ಶಾಲೆಯ ಯಾರೋ ಅಮೆರಿಕನ್ ಗುಮಾಸ್ತೆಯ ಹೆಸರಿನಲ್ಲಿ ಹೇಳಿದಳು. ಒಂದೋ ನಾನು ಅವಳಿಗೆ ಹೇಳಿದ್ದು ಅಲ್ಲಿ ಬೇರುಬಿಟ್ಟಿದೆ, ಇಲ್ಲವೇ ಅವಳಿಂದ ಕೇಳಿದ್ದನ್ನು ನಾನು ಆಂಟಿಗೆ ಉಡಿಸಿದ್ದೇನೆ. ಆಂಟಿಗೆ ಚೆನ್ನಾಗಿ ಒಪ್ಪುತ್ತದೆ ಎಂಬುದಷ್ಟೇ ಅದರ ಪರವಾಗಿ ನಾನು ಕೊಡಬಹುದಾದ ಸಾಕ್ಷಿ.

ಮುಂದಿನದಕ್ಕೆ ಮಾತ್ರ ಅನುಮಾನವಿಲ್ಲ, ಏಕೆಂದರೆ ಅದು ಹಲವರಿಗೆ ಆಗಿದೆ. ನಮ್ಮವರು ಇಂಗ್ಲಿಷಿನಲ್ಲಿ 'ಫ್ಯಾಮಿಲಿ ಎಮರ್ಜೆನ್ಸಿ' ಎಂದು ಶುರುಮಾಡಿದರೆ ಆಂಟಿ ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೃದುವಾಗಿ ಹೇಳುತ್ತಿದ್ದರು: "ಇಂಗ್ಲಿಷಿನಾಗ ಹೇಳೂದು ಸರಳ್ರೀ. ಅದನ್ನ ಸ್ವಲ್ಪ ಕನ್ನಡದಾಗ ಹೇಳ್ರಿ ನೋಡೂಣು." ಕನ್ನಡದಲ್ಲಿ ಹೇಳಹೊರಟರೆ ಯಾರಿಗೆ, ಏನಾಗಿದೆ, ಯಾವ ಆಸ್ಪತ್ರೆ, ನೋಡಿಕೊಳ್ಳುವವರು ಯಾರು ಎಂದು ಒಂದೊಂದನ್ನೂ ಹುಟ್ಟಿಸಬೇಕು. ಹೆಚ್ಚಿನವರು ಆಸ್ಪತ್ರೆಯ ಹೊತ್ತಿಗೆ ಸೋಲುತ್ತಿದ್ದರು. ಚಳಿಗಾಲದ ರಜೆಯ ಆಚೀಚೆ ಊರಿಗೆ ಹೋದವರು ವಾಪಸು ಬರುವುದು ತಡವಾಗುತ್ತದೆ, ತಡವಾದರೆ ಒಬ್ಬ ಅಜ್ಜಿಗೆ ಕಾಯಿಲೆಯಾಗಲೇಬೇಕು. "ನಮ್ಮ ಮಂದಿ ಅಜ್ಜಿಗೋಳು ಡಿಸೆಂಬರ್, ಜನವರಿದಾಗ ಭಾಳ ನಾಜೂಕ ಆಗ್ತಾರ್ರಿ" ಎಂದು ಅವರು ಕನ್ನಡ ಸಂಘದ ಊಟದ ಸಾಲಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದುಕೊಂಡು, ಗಾಳಿಗೆ ಹೇಳುವಂತೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಸಾಲಿನಲ್ಲಿದ್ದ ಮೂರ್ನಾಲ್ಕು ಜನ ಆಗ ಒಟ್ಟಿಗೇ ಕೋಸಂಬರಿಯತ್ತ ಬಾಗಿದರು.

ಅದೇ ಸಂಘದವರು ಒಂದು ವರ್ಷ ಪ್ರತಿಭಾ ಪುರಸ್ಕಾರಕ್ಕೆ ಅವರನ್ನು ಅತಿಥಿಯಾಗಿ ಕರೆದರು. ಆಂಟಿ ಪಟ್ಟಿಯಲ್ಲಿದ್ದ ಬಹುಮಾನಗಳನ್ನೆಲ್ಲ ಕೊಟ್ಟು ಮುಗಿಸಿ, ತಾವೇ ತಂದಿದ್ದ ಒಂದು ಪುಸ್ತಕವನ್ನು ಕೈಚೀಲದಿಂದ ತೆಗೆದು, ಇಡೀ ವರ್ಷ ಒಂದು ದಿನವೂ ತಪ್ಪದೆ ಶಾಲೆಗೆ ಬಂದ ಹುಡುಗಿಯೊಬ್ಬಳನ್ನು ವೇದಿಕೆಗೆ ಕರೆದರು. ಓದಿನಲ್ಲಿ ಸಾಧಾರಣ. ಅವಳ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದರು. ಮುಖ ಕೆಂಪಗಾಗಿ, "ಇವಳನ್ನ ಹೊಗಳೋಕೆ ಇನ್ನೇನೂ ಸಿಗಲಿಲ್ವೇನೋ ಪಾಪ" ಎಂದು ನನ್ನ ಕಿವಿಯಲ್ಲಿ ಗೊಣಗಿದರು. ವೇದಿಕೆಯ ಮೇಲೆ ಆಂಟಿ ಮಾತ್ರ ಆ ಹುಡುಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲೇ ಇಲ್ಲ.

ಇನ್ನು ನನ್ನ ಸರದಿ.

ಮಗಳು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ನನ್ನ ಮೈದುನ ಮೈಸೂರಿನಲ್ಲಿ ಮನೆ ಕಟ್ಟಿಸಿದ. ಧನುರ್ಮಾಸದಲ್ಲಿ ಗೃಹಪ್ರವೇಶ ಮಾಡುವಂತಿಲ್ಲ, ಸಂಕ್ರಾಂತಿ ಕಳೆಯಬೇಕು ಎಂದರು ಪುರೋಹಿತರು. ಪಂಚಾಂಗಕ್ಕೂ ಟೆಕ್ಸಸ್ಸಿನ ಶಾಲೆಯ ಕ್ಯಾಲೆಂಡರಿಗೂ ಪರಿಚಯವಿಲ್ಲ. ಇಲ್ಲಿ ಜನವರಿ ಮೊದಲ ವಾರಕ್ಕೇ ಶಾಲೆ ಶುರು. ನಾವು ಉಳಿದುಕೊಂಡೆವು. ಉಳಿದುಕೊಂಡದ್ದಕ್ಕೆ ಮೈಸೂರಿನಿಂದಲೇ ಶಾಲೆಗೆ ಈಮೇಲ್ ಕಳಿಸಿದೆ. ಫೋನ್ ಮಾಡಲಿಲ್ಲ, ಏಕೆಂದರೆ ಈಮೇಲನ್ನು ಯಾರೂ ಕನ್ನಡದಲ್ಲಿ ಹೇಳಿ ಎನ್ನುವುದಿಲ್ಲ. ಅತ್ತೆಗೆ ಮೂತ್ರಪಿಂಡದ ತೊಂದರೆ, ಬಿಟ್ಟು ಬರುವ ಸ್ಥಿತಿಯಲ್ಲಿಲ್ಲ ಎಂದು ಬರೆದೆ. ನಾನು ಅದನ್ನು ಟೈಪ್ ಮಾಡುವಾಗ ಅತ್ತೆ ಪಕ್ಕದ ಕೋಣೆಯಲ್ಲಿ ಅಡುಗೆಯವರೊಂದಿಗೆ ಚಿರೋಟಿಯ ಪದರಗಳ ವಿಷಯಕ್ಕೆ ಜಗಳವಾಡುತ್ತಿದ್ದರು.

ಏಪ್ರಿಲ್‌ನಲ್ಲಿ ಅತ್ತೆ ನಮ್ಮಲ್ಲಿಗೆ ಬಂದರು. ಮೊಮ್ಮಗಳು ಕ್ಲಾರಿನೆಟ್ ನುಡಿಸುವುದನ್ನು ನೋಡಬೇಕೆಂದು ಶಾಲೆಯ ಬ್ಯಾಂಡ್ ಕಛೇರಿಗೆ ಹೊರಟರು. ಬಾಗಿಲಲ್ಲಿ ಕಾರ್ಯಕ್ರಮದ ಹಾಳೆ ಹಂಚುತ್ತ ಆಂಟಿ ನಿಂತಿದ್ದರು. ಕನ್ನಡ ಕೇಳಿದ್ದೇ ಅತ್ತೆ ಅರಳಿಬಿಟ್ಟರು. ತಮಗೆ ಎಪ್ಪತ್ತಾರು, ಇವತ್ತಿನವರೆಗೆ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡವರಲ್ಲ, ಮೊನ್ನೆ ಗೃಹಪ್ರವೇಶದಲ್ಲಿ ನೂರೈವತ್ತು ಜನಕ್ಕೆ ತಾವೇ ಮುಂದೆ ನಿಂತು ಬಡಿಸಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಆಂಟಿ ಕಣ್ಣು ಮುಚ್ಚಿಕೊಂಡು ಕೇಳಿದರು.

"ಭಾಳ ಗಟ್ಟಿ ಇದ್ದೀರಿ ನೋಡ್ರಿ ಅಮ್ಮಾರ," ಎಂದರು ಆಮೇಲೆ. "ಜನವರಿದಾಗ ಸೈತ ಗಟ್ಟಿನೇ ಇದ್ರಿ?"

"ಜನವರಿಯಲ್ಲೇ ಅಲ್ವೇ ಗೃಹಪ್ರವೇಶ ಆದದ್ದು" ಎಂದರು ಅತ್ತೆ.

ಆಂಟಿ ನನ್ನ ಕೈಗೆ ಒಂದು ಹಾಳೆ ಕೊಟ್ಟು, ಛಲೋ ಜಾಗ ನೋಡಿ ಕೂರಿಸಿ, ಪಾಪ, ಹಿರಿಯರು ಎಂದರು. ಆ ಸಂಜೆ ಬ್ಯಾಂಡಿನವರು ಏನು ನುಡಿಸಿದರೋ ನನಗೆ ಒಂದೂ ಕೇಳಿಸಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಮುಗಿದಿರುತ್ತಿತ್ತು. ಆದರೆ ಮಧ್ಯೆ ಮಗಳಿಗೆ ನಿಜವಾಗಿಯೇ ಫ್ಲೂ ಬಂದು ಇನ್ನೊಂದಿಷ್ಟು ದಿನ ತಪ್ಪಿದವು. ಇಲ್ಲಿಯ ನಿಯಮದಂತೆ ನೂರಕ್ಕೆ ತೊಂಬತ್ತು ದಿನ ತರಗತಿಯಲ್ಲಿರಬೇಕು. ಇಲ್ಲದಿದ್ದರೆ ಎಷ್ಟೇ ಅಂಕ ಬಂದಿದ್ದರೂ ಆ ಸೆಮಿಸ್ಟರಿಗೆ ಕ್ರೆಡಿಟ್ ಇಲ್ಲ. ಮೇ ತಿಂಗಳಲ್ಲಿ ಪತ್ರ ಬಂತು. ಮಗಳ ರ‍್ಯಾಂಕ್ ಆಸ್ಟಿನ್ನಿನ ದೊಡ್ಡ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರಿಸಿಕೊಳ್ಳುವ ಗೆರೆಯಿಂದ ಕೂದಲೆಳೆಯಷ್ಟೇ ಒಳಗಿತ್ತು. ಒಂದು ಸೆಮಿಸ್ಟರ್ ಬಿದ್ದುಹೋದರೆ ಅದೂ ಬಿದ್ದುಹೋಗುತ್ತಿತ್ತು. ಉಳಿದ ದಾರಿ ಒಂದೇ. ತಪ್ಪಿದ ದಿನಗಳಿಗೆ ಕಾರಣ ವಿವರಿಸಿ ಶಾಲೆಯ ಕಮಿಟಿಗೆ ಮನವಿ ಬರೆಯಬೇಕು. ಪಾಲಕರದೊಂದು ಪತ್ರ, ವಿದ್ಯಾರ್ಥಿಯದೊಂದು.

ನನ್ನ ಪತ್ರದಲ್ಲಿ ಅತ್ತೆಯ ಮೂತ್ರಪಿಂಡ ಇನ್ನೂ ಕೆಟ್ಟಿತು. ಬೇರೇನು ಬರೆಯಲಿ? ಜನವರಿಯಲ್ಲಿ ಮಲಗಿಸಿದವರನ್ನು ಮೇ ತಿಂಗಳಲ್ಲಿ ಎಬ್ಬಿಸಿ ಕೂರಿಸುವುದು ಹೇಗೆ? ಈಮೇಲ್ ಅವರ ಫೈಲಿನಲ್ಲಿದೆ. ಒಂದು ಸುಳ್ಳಿಗೆ ಮನೆ ಬಾಡಿಗೆಗೆ ಕೊಟ್ಟರೆ ಅದು ನೆಂಟರಿಷ್ಟರನ್ನೂ ಕರೆತರುತ್ತದೆ. ಮಗಳಿಗೂ ಹಾಗೇ ಬರೆ ಎಂದಿದ್ದೆ. ಅವಳು ಕನ್ನಡದಲ್ಲಿ ಹೇಳಿದ್ದಕ್ಕೆ ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವತ್ತು ಯಾವ ಭಾಷೆಯಲ್ಲೂ ಕೊಡಲಿಲ್ಲ. ಮೌನವನ್ನು ಒಪ್ಪಿಗೆ ಎಂದುಕೊಂಡದ್ದು ನನ್ನ ಅನುಕೂಲಕ್ಕೆ.

ಎರಡು ದಿನ ಬಿಟ್ಟು ಆಂಟಿ ಫೋನ್ ಮಾಡಿ ಬಂದುಹೋಗಲು ಹೇಳಿದರು. ಪಕ್ಕದೂರಾದ ರೌಂಡ್ ರಾಕಿನ ಆಫೀಸಿನಿಂದ ಊಟದ ಬಿಡುವಿನಲ್ಲಿ ಡ್ರೈವ್ ಮಾಡಿಕೊಂಡು ಹೋದೆ. ಅವರು ಕಿಟಕಿಯಿಂದ ಎರಡು ಹಾಳೆಗಳನ್ನು ಹೊರಗೆ ಸರಿಸಿ, ಒಂದರ ಪಕ್ಕ ಒಂದಿಟ್ಟರು.

"ಎರಡು ಪತ್ರ ಬಂದಾವ್ರಿ. ನಿಮ್ಮದರಾಗ ಅಜ್ಜಿ ದವಾಖಾನ್ಯಾಗ ಮಲಗ್ಯಾರ. ಆಕೀದರಾಗ ಅಜ್ಜಿ ಆಕಳ ಹಿಂದ ಬಾಳೆಹಣ್ಣ ಹಿಡಕೊಂಡು ಓಡ್ಲಿಕತ್ತಾರ."

ಮಗಳ ಪತ್ರ ಓದಿದೆ. ಚಿಕ್ಕಪ್ಪ ಹೊಸ ಮನೆ ಕಟ್ಟಿದರು, ನಮ್ಮಲ್ಲಿ ಹೊಸ ಮನೆಗೆ ಮೊದಲು ಹಸು ಹೋಗಬೇಕು, ಅದಕ್ಕಾಗಿ ನಾವು ಕಾದೆವು, ಬೇರೆ ಕಾರಣವಿಲ್ಲ ಎಂದು ಬರೆದಿದ್ದಳು. ಬೆಳಗಿನ ಜಾವ ಹಸು ಬಂದದ್ದು, ಅಜ್ಜಿಯ ಬಾಳೆಹಣ್ಣು, ಪುರೋಹಿತರು ಗಡಿಯಾರ ನೋಡಿಕೊಂಡದ್ದು ಎಲ್ಲ ಇತ್ತು. ಒಂದೇ ಪುಟ ಬರೆಯಬೇಕು ಎಂಬ ನಿಯಮಕ್ಕೆ ಕಟ್ಟುಬಿದ್ದು, ಹಸು ಮೆಟ್ಟಿಲ ಬುಡದಲ್ಲಿ ನಿಂತಲ್ಲಿಗೆ ಪತ್ರ ಮುಗಿದಿತ್ತು.

"ಅವಳು ಚಿಕ್ಕವಳು ಆಂಟಿ. ಏನೋ ಬರೆದುಬಿಟ್ಟಿದಾಳೆ."

"ಚಿಕ್ಕಾಕಿ ಹೌದ್ರಿ. ಸಹಿ ಮಾತ್ರ ಭಾಳ ದೊಡ್ಡದು ಮಾಡ್ಯಾಳ."

"ನೀವೇ ಒಂದನ್ನ ತೆಗೆದುಬಿಡಿ. ಯಾವುದಾದ್ರೂ ಸರಿ."

"ನಾ ತೆಗಿಯಂಗಿಲ್ರಿ. ಬಂದದ್ದನ್ನ ಫೈಲಿಗೆ ಹಾಕೂದು ನನ್ನ ಕೆಲಸ. ಬರದಾಕಿ ತಾನೇ ವಾಪಸ್ ಕೇಳಿದ್ರ ಕೊಡ್ತೇನಿ. ನೀವು ಕೇಳ್ತೀರೋ, ಆಕೀನ ಕರಸಿ ಕೇಳಸ್ತೀರೋ?"

ಎರಡೂ ಒಳಗೆ ಹೋದರೆ ತಾಯಿ ಮಗಳಲ್ಲಿ ಒಬ್ಬಳು ಸುಳ್ಳಿ ಎಂದು ಕಮಿಟಿಯೇ ತೀರ್ಮಾನಿಸುತ್ತಿತ್ತು, ಕ್ರೆಡಿಟ್ ಅಲ್ಲಿಗೇ ಮುಗಿಯುತ್ತಿತ್ತು. ಮಗಳದ್ದು ವಾಪಸು ಬಂದರೆ ನನ್ನ ಪತ್ರ, ಅತ್ತೆಯ ಕೆಟ್ಟ ಮೂತ್ರಪಿಂಡದ ಸಮೇತ, ಬಹುಶಃ ಗೆದ್ದುಬಿಡುತ್ತಿತ್ತು. ಆಕಳಿಗೋಸ್ಕರ ಕಾದವರಿಗೆ ಯಾವ ಕಮಿಟಿ ಕ್ರೆಡಿಟ್ ಕೊಡುತ್ತದೆ?

ಆಮೇಲೆ ಏನಾಯಿತು ಎಂಬುದನ್ನು ನಾನು ಗೆಳತಿಯರ ಮನೆಗಳಲ್ಲಿ ಒಂದೇ ರೀತಿ ಹೇಳುತ್ತ ಬಂದಿದ್ದೇನೆ. ತಕ್ಷಣ ನನ್ನ ಪತ್ರ ವಾಪಸು ಕೇಳಿದೆ, ಅಲ್ಲೇ ಹರಿದೆ ಎಂದು. ಡೈರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟೇ: 'ಶಾಲೆಗೆ ಹೋಗಿದ್ದೆ. ಪಾರ್ಕಿಂಗ್ ಸಿಗಲಿಲ್ಲ. ಊಟ ತಪ್ಪಿತು.' ಇವೆರಡನ್ನೂ ಪಕ್ಕಕ್ಕಿಟ್ಟು ಒಬ್ಬಳೇ ಕೂತಾಗ ನೆನಪಾಗುವುದು ಬೇರೆ. ನಾನು "ಅವಳನ್ನೇ ಕರೆಸಿ" ಎಂದೆ. ಆಂಟಿ ಫೋನೆತ್ತಿಕೊಂಡರು. ಮಗಳು ಬಂದು ಆ ಟ್ರೋಫಿ ಕಪಾಟಿಗೆ ಬೆನ್ನು ಕೊಟ್ಟು ನಿಂತು ನನ್ನ ಪತ್ರವನ್ನು ಕೊನೆಯವರೆಗೆ ಓದಿದಳು. ಓದಿ, ಇದು ಅಜ್ಜಿಗೆ ಗೊತ್ತಾ ಎಂದು ಕೇಳಿದಳು.

ಮೊನ್ನೆ ಇದನ್ನು ಮಗಳಿಗೆ ಹೇಳಿದೆ. ತನ್ನನ್ನು ಅವತ್ತು ಯಾರೂ ಕರೆಸಲೇ ಇಲ್ಲ ಎಂದಳು. ನನ್ನ ಪತ್ರವನ್ನು ತಾನು ನೋಡಿಯೇ ಇಲ್ಲವಂತೆ. ಹಾಗಾದರೆ ಆಂಟಿ ಫೋನೆತ್ತಿ ಹಾಗೇ ಹಿಡಿದುಕೊಂಡಿದ್ದರೇ? ನಾನು ಕರೆಸಿ ಎಂದು ಬಾಯಿಬಿಟ್ಟು ಹೇಳಿದೆನೋ, ಹೇಳುವುದರಲ್ಲಿದ್ದೆನೋ? ನಾಚಿಕೆಗೆ ಒಬ್ಬ ಸಾಕ್ಷಿ ಬೇಕಾಗಿ ಮನಸ್ಸೇ ಮಗಳನ್ನು ತಂದು ಅಲ್ಲಿ ನಿಲ್ಲಿಸಿತೋ ಏನೋ. ಆಂಟಿಯನ್ನು ಕೇಳಿದರೆ ತಿಳಿಯುತ್ತದೆ. ಕೇಟಿ ಏನೂ ದೂರವಲ್ಲ. ಕೇಳುವ ಧೈರ್ಯ ಬಂದಿಲ್ಲ.

ಹೇಗೋ ಏನೋ, ಕೊನೆಗೆ ನನ್ನ ಪತ್ರವನ್ನು ನಾನೇ ಹಿಂದಕ್ಕೆ ಪಡೆದೆ. ಅದು ಇವತ್ತಿಗೂ ನನ್ನ ಕಪಾಟಿನಲ್ಲಿದೆ, ಆದ್ದರಿಂದ ಹರಿದದ್ದಂತೂ ಸುಳ್ಳು. ಪಾಲಕರ ಪತ್ರ ಇಲ್ಲದೆ ಫೈಲು ಮುಂದೆ ಹೋಗುವುದಿಲ್ಲ ಎಂದರು ಆಂಟಿ. ಏನು ಬರೆಯಲಿ ಎಂದು ಕೇಳಿದೆ. ಮಗಳ ಹಾಳೆಯ ಕೆಳಗೇ ಒಂದು ಸಾಲು ಸಾಕು ಎಂದು ಪೆನ್ನು ಕೊಟ್ಟರು. 'ಮೇಲೆ ಬರೆದದ್ದು ನಿಜ, ಜನವರಿಯಲ್ಲಿ ನಾನು ಕಳಿಸಿದ್ದು ನಿಜವಲ್ಲ' ಎಂದು ಬರೆದು ಸಹಿ ಮಾಡಿದೆ. ನನ್ನ ಸಹಿ ಬಹಳ ಚಿಕ್ಕದಾಗಿ ಬಂತು. ಆಂಟಿ ಮೊಹರಿಗೆ ಹಾ ಎಂದು ಊದಿ ಒತ್ತಿದರು.

ಕಮಿಟಿ ಕೂರುವುದಕ್ಕೆ ಒಂದು ವಾರವಿತ್ತು. ಆ ವಾರವೆಲ್ಲ ಬೆಳಿಗ್ಗೆ ಕಾರಿನ ಸಾಲಿನಲ್ಲಿ ಕಾಯುವಾಗ ನಾನು ಆ ದೀಪದ ಫಲಕದತ್ತ ನೋಡದೆ ಸ್ಟಿಯರಿಂಗ್ ನೋಡಿಕೊಂಡು ಕೂತಿದ್ದೆ. ಮಗಳು ಮಾತ್ರ ಹಾಡು ಗುನುಗುತ್ತ ಇಳಿದು ಹೋಗುತ್ತಿದ್ದಳು. ಇಬ್ಬರಲ್ಲಿ ಕಮಿಟಿಯ ಕೈಯಲ್ಲಿದ್ದದ್ದು ಯಾರ ಭವಿಷ್ಯ ಎಂದು ನೋಡುವವರಿಗೆ ಅನುಮಾನ ಬರುತ್ತಿತ್ತು.

ಕೊನೆಯದಾಗಿ ಒಂದು ಫೋನ್ ಸಂಭಾಷಣೆ. ಇದಕ್ಕೆ ಡೈರಿಯೂ ನೆನಪೂ ಒಟ್ಟಿಗೆ ಸಾಕ್ಷಿ ಹೇಳುತ್ತವೆ, ಏಕೆಂದರೆ ಫೋನಿಟ್ಟ ತಕ್ಷಣ ಅಡುಗೆಮನೆಯ ಕಟ್ಟೆಯ ಮೇಲೆ ಡೈರಿಯಿಟ್ಟು ನಿಂತೇ ಬರೆದುಕೊಂಡಿದ್ದೇನೆ. ಆಂಟಿ ಮೊದಲು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ನನ್ನನ್ನು ಈ ಜನ್ಮದಲ್ಲಿ ಕಂಡೇ ಇಲ್ಲವೆಂಬ ಧ್ವನಿಯಲ್ಲಿ, ಕಮಿಟಿಯ ತೀರ್ಮಾನ ಓದಿದರು. ಕ್ರೆಡಿಟ್ ಕೊಡಲಾಗಿದೆ. ಬದಲಿಗೆ ವಿದ್ಯಾರ್ಥಿನಿ ನಾಲ್ಕು ಶನಿವಾರ ಶಾಲೆಯ ಲೈಬ್ರರಿಯಲ್ಲಿ ಕೂತು ತಪ್ಪಿದ ಗಂಟೆಗಳನ್ನು ತುಂಬಿಕೊಡಬೇಕು. ಥ್ಯಾಂಕ್ಸ್ ಎಂದೆನೋ ಏನೋ.

"ಇನ್ನೊಂದು ಅದರಿ," ಎಂದರು ಕನ್ನಡದಲ್ಲಿ. "ಕಮಿಟಿಯವರು ಒಂದು ಪ್ರಶ್ನೆ ಕೇಳ್ಯಾರ. ಫೈಲಿಗಲ್ಲ, ಸುಮ್ಮನ. ಆಕಳಾ ಒಳಗ ಹೋತೋ ಇಲ್ಲೋ ಅಂತ. ಅವರಾಗಿನ ಕೋಚ್ ಸಾಹೇಬರು ಹೋಗೇ ಹೋಗಿರ್ತದ ಅಂತಾರ."

ಹೋಯಿತು ಎನ್ನುವುದು ಎಷ್ಟು ಸುಲಭವಾಗಿತ್ತು. ಅತ್ತೆ ಊರಿಗೆಲ್ಲ ಹಾಗೇ ಹೇಳಿದ್ದಾರೆ. ಹಸು ಒಳಗಿದ್ದಂತೆ ಕಾಣುವ ಫೋಟೋವನ್ನು ಮೈದುನ ಹಾಲಿನಲ್ಲಿ ದೊಡ್ಡದಾಗಿ ಹಾಕಿಸಿದ್ದಾನೆ.

"ಇಲ್ಲ ಆಂಟಿ," ಎಂದೆ. "ಕಾರು ನಿಲ್ಲಿಸೋ ಜಾಗದ ತನಕ ಬಂತು. ಮೆಟ್ಟಿಲ ಪಕ್ಕ ಕಟ್ಟಿದ್ದ ಬಾಳೆಕಂದು ತಿಂತು. ಹಾಗೇ ವಾಪಸು ಹೋಯ್ತು."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. ಏನು ಟೈಪ್ ಮಾಡುತ್ತಿದ್ದೀರಿ ಎಂದು ಗಾಬರಿಯಿಂದ ಕೇಳಿದೆ.

"ಆಕಳಾ ಗೈರುಹಾಜರ್ ಅಂತ ಹಾಕ್ಲಿಕತ್ತೇನ್ರಿ. ಕಾರಣ ಏನಂತ ಬರೀಲಿ? ಅಜ್ಜಿಗೆ ಆರಾಮಿಲ್ಲ ಅಂತ ಬರೀಲೇನು?"

"ಬೇಡ ಆಂಟಿ. ಮೆಟ್ಟಿಲು ಜಾರ್ತಿತ್ತು ಅಂತ ಬರೀರಿ. ಗ್ರಾನೈಟ್ ಹಾಕಿಸಿದ್ರು, ಪಾಲಿಶ್ ಜಾಸ್ತಿ ಆಗಿತ್ತು. ಅದು ಎರಡು ಸಲ ಕಾಲಿಟ್ಟು ನೋಡ್ತು."

ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾರೆ ಎಂದು ನನಗೆ ಫೋನಿನಲ್ಲೇ ಗೊತ್ತಾಯಿತು.

"ಇದು ನಡೀತದ್ರಿ" ಎಂದರು.